ಚೈನುಲಕ್ಷಣಸಾರ

ಕನ್ನಡದಲ್ಲಿ ಶಾಸ್ತ್ರಕ್ಕೆ ಬರವಿಲ್ಲ. ದನದ ಕಾಯಿಲೆಗಳ ಮೇಲೆ ಕೀರ್ತಿವರ್ಮ 12ನೇ ಶತಮಾನದಲ್ಲೇ ‘ಗೋವೈದ್ಯ’ ಬರೆದ. ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಲೆಕ್ಕದ ಭಯ ಬಿಡಿಸಲು ನೋಡಿದ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪ್ರತ್ಯಯಗಳನ್ನು ಸಾಲಾಗಿ ನಿಲ್ಲಿಸಿದ. 14ನೇ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೇ ವಿಂಗಡಿಸಿಟ್ಟ, 16ನೇ ಶತಮಾನದ ಮೂರನೇ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಅಡುಗೆಗಳನ್ನು ವಿಂಗಡಿಸಿದ. ಐವರೂ ಜೈನರು. ದನ, ಲೆಕ್ಕ, ವ್ಯಾಕರಣ, ವಿಷ, ಅಡುಗೆ ಎಲ್ಲಕ್ಕೂ ಗ್ರಂಥ ಬಂತು, ಸೈಕಲ್ಲಿಗೆ ಮಾತ್ರ ಬರಲಿಲ್ಲ. ತಪ್ಪು ಅವರದಲ್ಲ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂಚಕ್ರಕ್ಕೆ ಚೈನು ಹಾಕಿದ ‘ರೋವರ್’ ಸೈಕಲ್ಲನ್ನು ಹೊರತಂದದ್ದು 1885ರಲ್ಲಿ. ಅಷ್ಟು ಹೊತ್ತಿಗೆ ಶಾಸ್ತ್ರ ಬರೆಯುವವರು ತೀರಿಹೋಗಿ ಕಾದಂಬರಿ ಬರೆಯುವವರು ಹುಟ್ಟುತ್ತಿದ್ದರು. ಆ ಕೊರತೆ ನೀಗಲೆಂದು, ಹೊಸದಾಗಿ ಸೈಕಲ್ ಕೊಂಡವರನ್ನು ಮುಂದಿಟ್ಟುಕೊಂಡು ಈ ಕಿರುಗ್ರಂಥ.

ಗ್ರಂಥದ ಕ್ಷೇತ್ರ ಜಿನನಾಥಪುರ. ಚನ್ನರಾಯಪಟ್ಟಣ ತಾಲ್ಲೂಕು, ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಬಳಸಿಕೊಂಡು ಉತ್ತರಕ್ಕೆ ಹೋದರೆ, ಸೈಕಲ್ಲಿನಲ್ಲಿ ಬೆವರು ಬರುವ ಮುಂಚೆಯೇ ಸಿಗುವ ಊರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಇದನ್ನು ಕಟ್ಟಿಸಿದ. 1200ರ ಸುಮಾರಿಗೆ ವಸುಧೈಕಬಾಂಧವನೆಂಬ ಬಿರುದಿನ ರೇಚಿಮಯ್ಯ ಇಲ್ಲಿ ಶಾಂತಿನಾಥ ಬಸದಿ ಎಬ್ಬಿಸಿದ. ಹೊರಗೋಡೆಯ ಶಿಲ್ಪ ನೋಡಲು ಬಂದವರು ಒಳಗಿನ ನವರಂಗದ ಕಂಬಗಳನ್ನೂ ಒಮ್ಮೆ ನೋಡಬೇಕು. ತಿರುಗಣೆಗೆ ಕೊಟ್ಟು ಕಡೆದ ಕಲ್ಲು. ಎಲ್ಲಿ ಕೈಯಿಟ್ಟರೂ ಒಂದು ಕೂದಲೆಳೆ ಏರಿಲ್ಲ, ಇಳಿದಿಲ್ಲ. ತಿರುಗುವ ವಸ್ತು ಎಷ್ಟು ನೆಟ್ಟಗೆ ತಿರುಗಬೇಕೆಂಬುದು 800 ವರ್ಷದ ಹಿಂದೆ ಈ ಕಡೆಯ ಜನಕ್ಕೆ ಚೆನ್ನಾಗಿಯೇ ಗೊತ್ತಿತ್ತು. ಇವತ್ತು ಅದೇ ಬಸದಿಯ ಮುಂದೆ ಹಾದುಹೋಗುವ ಕೆಲವು ಹಿಂಚಕ್ರಗಳ ಓಲಾಟ ನೋಡಿದರೆ ಆ ವಿದ್ಯೆ ಕಲ್ಲಿನಿಂದ ಕಬ್ಬಿಣಕ್ಕೆ ಇಳಿಯಲಿಲ್ಲ ಎನ್ನಿಸುತ್ತದೆ.

ವಿಂಗಡಿಸುವ ವಿದ್ಯೆಗೆ ಇದಕ್ಕಿಂತ ತಕ್ಕ ನೆಲವಿಲ್ಲ. ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ, ಕರ್ಮವನ್ನು ಎಂಟಾಗಿ, ಕಷಾಯವನ್ನು ನಾಲ್ಕಾಗಿ, ತತ್ತ್ವವನ್ನು ಏಳಾಗಿ ಎಣಿಸಿಟ್ಟವರ ಸೀಮೆಯಿದು. ಅವರ ಅಳತೆಗೋಲನ್ನೇ ಕೈಗಡ ತಂದು ಚೈನಿನ ಮೇಲೆ ಇಡುತ್ತಿದ್ದೇನೆ. ಪಂಡಿತರು ಕ್ಷಮಿಸುತ್ತಾರೆ, ಕ್ಷಮೆ ಅವರ ಧರ್ಮ. ಸೈಕಲ್ ಶಾಪಿನವರ ಬಗ್ಗೆ ಆ ಧೈರ್ಯ ನನಗಿಲ್ಲ.

ಒಡೆಯರ ಪ್ರಕರಣ

ಸ್ಪರ್ಶವೊಂದೇ ಇರುವ ಜೀವಗಳು ಕೆಳಗೆ. ಅದಕ್ಕೆ ನಾಲಗೆ ಸೇರಿದವು ಒಂದು ಮೆಟ್ಟಿಲು ಮೇಲೆ. ಆಮೇಲೆ ಮೂಗು, ಆಮೇಲೆ ಕಣ್ಣು, ಎಲ್ಲಕ್ಕೂ ಕೊನೆಯಲ್ಲಿ ಕಿವಿ. ಜೈನಾಗಮದ ಕ್ರಮ ಇದು. ಸೈಕಲ್ಲಿನ ಒಡೆಯರೂ ಇದೇ ಮೆಟ್ಟಿಲು ಹತ್ತುತ್ತಾರೆ.

ಏಕೇಂದ್ರಿಯ ಒಡೆಯನಿಗೆ ಸ್ಪರ್ಶಜ್ಞಾನ ಮಾತ್ರ. ಪೆಡಲ್ಲು ಕಾಲಿಗೆ ಭಾರವಾದಾಗಲೇ ಸೈಕಲ್ಲಿಗೂ ಕಷ್ಟಸುಖವಿದೆ ಎಂದು ಅವನಿಗೆ ತಿಳಿಯುವುದು. ಅದನ್ನೂ ಎದುರುಗಾಳಿಯ ಖಾತೆಗೆ ಬರೆದುಬಿಡುತ್ತಾನೆ. ದ್ವೀಂದ್ರಿಯನು ಕಳಚಿದ ಚೈನನ್ನು ಕೈಯಲ್ಲೇ ಏರಿಸಿ, ಕೈಯನ್ನು ಚಡ್ಡಿಗೆ ಒರೆಸಿ, ಆ ಕೈಯಲ್ಲೇ ಜಾತ್ರೆಯ ಖಾರಾಪುರಿ ತಿಂದವನು. ಚೈನಿನ ರುಚಿ ಬಲ್ಲ. ತ್ರೀಂದ್ರಿಯನು ಎಣ್ಣೆ ಬಾಟಲಿ ಮೂಸಿ ಇದು ಕೊಬ್ಬರಿಯದೋ ಕಡಲೆಕಾಯಿಯದೋ ಹೇಳಬಲ್ಲ. ಯಾವುದನ್ನು ಹಾಕಬೇಕೆಂದು ಮಾತ್ರ ಹೇಳಲಾರ. ಚತುರಿಂದ್ರಿಯನಿಗೆ ಕಣ್ಣು ಬಂದಿದೆ. ತುಕ್ಕು ಕಾಣುತ್ತದೆ, ಕಂಡೊಡನೆ ಅದರ ಮೇಲೆ ಎಣ್ಣೆ ಸುರಿದು ಕಾಣದಂತೆ ಮಾಡುತ್ತಾನೆ. ಪಂಚೇಂದ್ರಿಯನಿಗೆ ಕಿವಿಯೂ ಉಂಟು. ಚೈನಿನ ವಿಷಯದಲ್ಲಿ ಕಣ್ಣಿಗಿಂತ ಕಿವಿ ಒಂದು ಮೆಟ್ಟಿಲು ಮೇಲೆ ಎಂಬುದು ಸೈಕಲ್ಲನ್ನೇ ಕಾಣದ ಆಚಾರ್ಯರಿಗೆ ಹೇಗೆ ಹೊಳೆಯಿತೋ ತಿಳಿಯದು.

ಪಂಚೇಂದ್ರಿಯರಲ್ಲಿ ಮತ್ತೆ ಎರಡು ಬಗೆ, ಅಮನಸ್ಕ ಮತ್ತು ಸಮನಸ್ಕ. ಚೈನಿನ ಕೂಗು ಕೇಳಿಸಿಯೂ ‘ಭಾನ್ವಾರ ನೋಡ್ಕಂಡ್ರಾಯ್ತು’ ಎನ್ನುವವನು ಅಮನಸ್ಕ. ಸಮನಸ್ಕನ ಸೀಟಿನ ಸ್ಪ್ರಿಂಗಿಗೆ ಹಳೇ ಬನಿಯನ್ನಿನ ಚೂರೊಂದು ಸಿಕ್ಕಿಸಿರುತ್ತದೆ. ಅವನನ್ನು ಗುರುತು ಹಿಡಿಯಲು ಬೇರೆ ಲಕ್ಷಣ ಬೇಡ.

2006–07ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿಹಳ್ಳಿಯಲ್ಲೂ ಒಂದೇ ಏಟಿಗೆ ಹೊಸ ಒಡೆಯರು ಹುಟ್ಟಿದರು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಹೊಳೆನರಸೀಪುರ ತಾಲ್ಲೂಕಿನವರು. ನಮ್ಮ ಹಾಸನ ಜಿಲ್ಲೆಯಲ್ಲಿ ಸೈಕಲ್ ಮಾತು ಬಂದಾಗ ಈ ಸಂಗತಿ ತಾನಾಗಿ ಸೇರಿಕೊಳ್ಳುತ್ತದೆ. ಅಪ್ಪನ ಕರಿ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ತಲೆಮಾರಿಗೆ ಇದೊಂದು ಪವಾಡ. ಹೆಣ್ಣುಮಕ್ಕಳು ಸಾಲಾಗಿ ಹೈಸ್ಕೂಲಿಗೆ ಹೊರಟರು. ಸೈಕಲ್ಲಿನ ಯೋಜನೆಯೇನೋ ಬಂತು, ಒರೆಸುವ ಬಟ್ಟೆಯ ಯೋಜನೆ ಮಾತ್ರ ಇನ್ನೂ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಚೈನಿನ ಸ್ವರೂಪ

ದೂರದಿಂದ ನೋಡಿದರೆ ಚೈನು ಒಂದು. ಹತ್ತಿರ ಹೋದರೆ ಐದು. ಹೊರಪಟ್ಟಿ, ಒಳಪಟ್ಟಿ, ಪಿನ್ನು, ಪಿನ್ನನ್ನು ಸುತ್ತಿದ ಬುಷ್ಷು, ಬುಷ್ಷಿನ ಮೇಲೆ ಸಡಿಲವಾಗಿ ಉರುಳುವ ರೋಲರು. ಈ ಜೋಡಣೆಯನ್ನು ಸ್ವಿಟ್ಜರ್ಲೆಂಡಿನಿಂದ ಬಂದು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. ಅಟ್ಲಾಸಾಗಲಿ, ಹೀರೋ ಆಗಲಿ, ಹರ್ಕ್ಯುಲಿಸ್ಸಾಗಲಿ, ಬೆಂಗಳೂರಿನಿಂದ ಕಾರಿನ ಬೆನ್ನಿಗೆ ಕಟ್ಟಿಸಿಕೊಂಡು ಬಂದ ಗೇರ್ ಸೈಕಲ್ಲೇ ಆಗಲಿ, ಈ ಅರ್ಧ ಇಂಚಿನಲ್ಲಿ ಭೇದವಿಲ್ಲ. ಭೇದವಿರುವುದು ಅಗಲದಲ್ಲಿ. ಗೇರಿಲ್ಲದ ಚೈನಿನ ಒಳ ಅಗಲ ಇಂಚಿನ ಎಂಟನೇ ಒಂದು ಭಾಗ. ಗೇರಿನದು ಅದಕ್ಕಿಂತ ಕಿರಿದು. ಆದ್ದರಿಂದ ಚೈನು ಕೊಳ್ಳುವಾಗ ‘ಸೈಕಲ್ ಚೈನು ಕೊಡಿ’ ಎಂದರೆ ಸಾಲದು, ಎಂಥ ಸೈಕಲ್ಲು ಎಂದೂ ಹೇಳಬೇಕು.

ಇನ್ನು ಗ್ರಂಥದ ಮೂಲಸೂತ್ರ. ಚೈನು ದುಡಿಯುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಹಲ್ಲುಚಕ್ರವನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಪ್ರತಿ ಕೊಂಡಿಯೂ ಬಾಗುತ್ತದೆ. ಬಾಗಿದಾಗ ತಿಕ್ಕಾಟ ನಡೆಯುವುದು ಪಿನ್ನಿಗೂ ಬುಷ್ಷಿಗೂ ನಡುವೆ, ಬುಷ್ಷಿಗೂ ರೋಲರಿಗೂ ನಡುವೆ. ಎಣ್ಣೆ ಬೇಕಾದದ್ದು ಅಲ್ಲಿ, ಹನಿಯ ಲೆಕ್ಕದಲ್ಲಿ. ನಾವು ಎಣ್ಣೆ ಬಳಿಯುವುದು ಪಟ್ಟಿಯ ಹೊರಮೈಗೆ, ಚಮಚದ ಲೆಕ್ಕದಲ್ಲಿ. ತುಕ್ಕು ಹತ್ತದಷ್ಟು ತೆಳುವಾದ ಪಸೆಯೊಂದನ್ನು ಬಿಟ್ಟರೆ ಆ ಹೊರಮೈಗೆ ಬೇರೇನೂ ಬೇಡ. ಅದು ತಿಕ್ಕಾಡುವುದು ಗಾಳಿಯೊಂದಿಗೆ ಮಾತ್ರ. ಗಾಳಿಯಲ್ಲಿ ದೂಳಿದೆ.

ದೂಳಿನ ಪ್ರಕರಣ

ಕುಂದಕುಂದಾಚಾರ್ಯರ ‘ಸಮಯಸಾರ’ದಲ್ಲಿ ಬಂಧವನ್ನು ವಿವರಿಸುವ ಕಡೆ ಒಂದು ದೃಷ್ಟಾಂತ ಬರುತ್ತದೆ. ಮೈಗೆ ಎಣ್ಣೆ ಹಚ್ಚಿಕೊಂಡವನೊಬ್ಬ ದೂಳು ತುಂಬಿದ ಜಾಗದಲ್ಲಿ ನಿಂತು ಆಯುಧ ಹಿಡಿದು ಕಸರತ್ತು ಮಾಡುತ್ತಾನೆ, ಗಿಡಮರ ಕಡಿಯುತ್ತಾನೆ. ಮೈಯೆಲ್ಲ ದೂಳು ಮೆತ್ತಿಕೊಳ್ಳುತ್ತದೆ. ಯಾವುದರಿಂದ ಮೆತ್ತಿತು? ಕಸರತ್ತಿನಿಂದಲ್ಲ, ಆಯುಧದಿಂದಲ್ಲ. ಎಣ್ಣೆಯಿಂದ. ಮೈಗೆ ಎಣ್ಣೆಯಿಲ್ಲದವನು ಅದೇ ಜಾಗದಲ್ಲಿ ಅದೇ ಕಸರತ್ತು ಮಾಡಿದರೆ ಮೆತ್ತುವುದಿಲ್ಲ. ಅಲ್ಲಿ ಎಣ್ಣೆಯೆಂದರೆ ರಾಗ, ದೂಳೆಂದರೆ ಕರ್ಮ. ನಮ್ಮ ಗ್ರಂಥದಲ್ಲಿ ಎಣ್ಣೆಯೆಂದರೆ ಎಣ್ಣೆ, ದೂಳೆಂದರೆ ಚಿಕ್ಕಬೆಟ್ಟದ ಹಿಂದಿನ ಕೆಮ್ಮಣ್ಣು. ಸೈಕಲ್ ಚೈನಿನ ಬಗ್ಗೆ ಇದುವರೆಗೆ ಯಾರೂ ಇದಕ್ಕಿಂತ ನಿಖರವಾದ ಮಾತು ಹೇಳಿಲ್ಲ. ಆತ್ಮ ಎಣ್ಣೆಯನ್ನು ಪೂರ್ತಿ ಬಿಟ್ಟು ಬದುಕಬಲ್ಲದು, ಚೈನು ಬದುಕಲಾರದು; ಎರಡು ಶಾಸ್ತ್ರಗಳೂ ಬೇರೆಯಾಗುವುದು ಅಲ್ಲೊಂದೇ ಕಡೆ.

ಆ ಜಾಡಿನಲ್ಲೇ ಉಳಿದದ್ದೂ ಬಿಡಿಸಿಕೊಳ್ಳುತ್ತದೆ. ದೂಳು ಹರಿದುಬರುವುದು ಆಸ್ರವ. ಎಣ್ಣೆಗೆ ಅಂಟಿ ಕೂರುವುದು ಬಂಧ. ಬರದಂತೆ ತಡೆಯುವುದು ಸಂವರ. ಚೈನ್ ಕವರ್ ಇದರ ಸಾಧನ, ಹೊರಗಿನ ಎಣ್ಣೆ ಒರೆಸುವುದು ಅದಕ್ಕಿಂತ ದೊಡ್ಡ ಸಾಧನ. ಅಂಟಿದ್ದನ್ನು ಉದುರಿಸುವುದು ನಿರ್ಜರೆ. ಅದರಲ್ಲಿ ಎರಡು ಬಗೆ. ಕೆಸರು ತಾನೇ ಒಣಗಿ ಕಾಲ ಬಂದಾಗ ಬಿದ್ದುಹೋಗುವುದು ಸವಿಪಾಕ ನಿರ್ಜರೆ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಗೋ ಡೀಸೆಲ್ಲಿಗೋ ಅದ್ದಿ ಉಜ್ಜಿ ತೆಗೆಯುವುದು ಅವಿಪಾಕ ನಿರ್ಜರೆ. ಮೊದಲನೆಯದಕ್ಕೆ ಕಾಯುತ್ತ ಕೂತವರ ಚೈನು ಬೇಗ ತೀರಿಕೊಳ್ಳುತ್ತದೆ.

ಕರ್ಮದಂತೆ ಕೊಳೆಯಲ್ಲೂ ಘಾತಿ–ಅಘಾತಿ ಎಂದು ಎರಡು ಪಂಗಡ. ಮಡ್‌ಗಾರ್ಡಿಗೆ ಮೆತ್ತಿದ ಸಗಣಿ, ಫ್ರೇಮಿನ ಮೇಲಿನ ರಾಗಿಹೊಟ್ಟು, ಚೈನ್ ಕವರಿನ ಮೇಲಿನ ಕೆಸರು ಇವೆಲ್ಲ ಅಘಾತಿ. ನೋಡಲು ಅಸಹ್ಯ, ಕೆಡುಕೇನಿಲ್ಲ. ಎಣ್ಣೆಯೊಂದಿಗೆ ಕಲಸಿಕೊಂಡು ರೋಲರಿನ ಸಂದಿಗೆ ಇಳಿದ ಮರಳು ಘಾತಿ. ನಮ್ಮ ಮಣ್ಣಿನ ಮರಳಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳ. ಬೆಣಚು ಮಾಮೂಲಿ ಉಕ್ಕಿಗಿಂತ ಗಟ್ಟಿ. ಎಣ್ಣೆ ಜೊತೆ ಸೇರಿದರೆ ಪಿನ್ನನ್ನು ಅರೆಯುತ್ತದೆ, ನೀವು ಪೆಡಲ್ ತುಳಿದಷ್ಟೂ ಅರೆಯುತ್ತದೆ. ಹೊಸಬರು ಶನಿವಾರದಂದು ಘಂಟೆಗಟ್ಟಲೆ ಅಘಾತಿ ಕೊಳೆ ತೊಳೆದು, ಘಾತಿಯ ಮೇಲೆ ಇನ್ನಷ್ಟು ಎಣ್ಣೆ ಬಿಟ್ಟು, ಸೈಕಲ್ ಫಳಫಳ ಹೊಳೆಯುತ್ತಿದೆಯೆಂದು ಹಿಗ್ಗುವುದುಂಟು.

ತಾಲ್ಲೂಕುವಾರು ವಿಂಗಡಣೆಯೂ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಚನ್ನರಾಯಪಟ್ಟಣದ ಕಡೆ ವೈರಿ ಒಣದೂಳು. ಹೊಳೆನರಸೀಪುರದ ಹೇಮಾವತಿ ನಾಲೆ ಬಯಲಿನಲ್ಲಿ ಗದ್ದೆ ಕೆಸರು. ಮಲೆನಾಡಿನ ಮಳೆ ಮುಟ್ಟುವ ಅರಕಲಗೂಡಿನ ಪಶ್ಚಿಮದಲ್ಲಿ ತುಕ್ಕು. ಹಾಸನ ಪೇಟೆಯಲ್ಲಿ ಮೂರೂ ಸೇರಿ, ಮೇಲೆ ಬಸ್ಸಿನ ಹೊಗೆ.

ಎಣ್ಣೆಯ ಪ್ರಕರಣ

ಈ ಪ್ರಕರಣದಲ್ಲಿ ನಂಬಿಕೆಗಳು ಹೆಚ್ಚು, ಜಗಳಗಳೂ ಹೆಚ್ಚು. ಆದ್ದರಿಂದ ಸಾವಧಾನವಾಗಿ ಓದಬೇಕು.

ಮೊದಲನೆಯದು ಕೊಬ್ಬರಿ ಎಣ್ಣೆ. ತೆಂಗಿನ ಸೀಮೆಯಲ್ಲಿ ಇದು ತಲೆಗೂ ಉಂಟು, ಅಡುಗೆಗೂ ಉಂಟು, ಬಾಗಿಲ ಕೀಲಿಗೂ ಉಂಟು, ಚೈನಿಗೆ ಏಕಿಲ್ಲ? ಇದು ಸುಮಾರು 24 ಡಿಗ್ರಿ ಉಷ್ಣಾಂಶಕ್ಕಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗಿನ ಜಾವ ಬಾಟಲಿಯೊಳಗೆ ಬೆಳ್ಳಗೆ ಕೂತಿರುತ್ತದಲ್ಲ, ಚೈನಿನ ಸಂದಿಯಲ್ಲೂ ಹಾಗೆಯೇ ಕೂತಿರುತ್ತದೆ. ಎರಡನೆಯದು ಬೋಂಡ ಕರಿದು ಉಳಿದ ಎಣ್ಣೆ. ಕಡಲೆಕಾಯಿಯದಾಗಲಿ ಸೂರ್ಯಕಾಂತಿಯದಾಗಲಿ, ಗಾಳಿಗೆ ಬಿಟ್ಟರೆ ನಿಧಾನವಾಗಿ ಜಿಗಟಾಗುತ್ತದೆ. ಬಾಣಲೆಯ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೆರೆದರೂ ಬಾರದ ಪದರ ಅದೇ. ಇದನ್ನು ಹಾಕಿದ ಚೈನು ಮೊದಲ ದಿನ ಮೌನ, ಮೂರನೇ ವಾರ ಗೋಂದು.

ಹರಳೆಣ್ಣೆಯ ಪಕ್ಷ ಹಿರಿಯರದು, ಮರ್ಯಾದೆಯಿಂದಲೇ ಖಂಡಿಸಬೇಕು. ಎತ್ತಿನಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಹುಲ್ಲಿನ ಮಸಿ ಕಲಸಿ ಮಾಡಿದ ಕೀಲೆಣ್ಣೆ ತಲೆಮಾರುಗಳ ಕಾಲ ನಡೆದಿದೆ. ಹರಳೆಣ್ಣೆ ಗಾಳಿಗೆ ಜಿಗಟಾಗುವುದಿಲ್ಲ, ಭಾರವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಗಾಡಿಯ ಅಚ್ಚಿಗೂ ಗುಂಬಕ್ಕೂ ನಡುವೆ ಇರುವ ಸಂದಿಯೆಲ್ಲಿ, ಪಿನ್ನಿಗೂ ಬುಷ್ಷಿಗೂ ನಡುವಿನ ಸಂದಿಯೆಲ್ಲಿ! ಅಷ್ಟು ಮಂದ ಎಣ್ಣೆ ಒಳಗಿಳಿಯದೆ ಹೊರಗೇ ಉಳಿದು ದೂಳಿಗೆ ಆಸನ ಹಾಕಿಕೊಡುತ್ತದೆ. ಗ್ರೀಸಿನ ವಿಷಯವೂ ಇದೇ. ಹಬ್ಬಿನ ಬಾಲ್ಸಿಗೆ, ಪೆಡಲ್ ಅಚ್ಚಿನ ಬಾಲ್ಸಿಗೆ ಗ್ರೀಸು ಅಮೃತ. ಚೈನಿನ ಹೊರಮೈಗೆ ಬಳಿದ ಗ್ರೀಸು ವಿಷ, ಮಂಗರಾಜ ಇದ್ದಿದ್ದರೆ ಸೇರಿಸಿಕೊಳ್ಳುತ್ತಿದ್ದ.

ಸೀಮೆಎಣ್ಣೆ ತೊಳೆಯುವ ವಸ್ತು, ಜಾರಿಸುವ ವಸ್ತುವಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಹಾಗೇ ಬಿಟ್ಟರೆ ಇದ್ದಬದ್ದ ಎಣ್ಣೆಯೂ ಹೋಗಿ ಚೈನು ಬರಿಮೈಯಲ್ಲಿ ದುಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಗಳದ್ದೂ ಹತ್ತಿರ ಹತ್ತಿರ ಇದೇ ಗುಣ. ಬಿಗಿದುಕೊಂಡ ನಟ್ಟಿಗೆ ಸರಿ, ಚೈನಿನ ನಿತ್ಯದ ಊಟಕ್ಕೆ ಸಾಲದು. ಗ್ಯಾರೇಜಿನಲ್ಲಿ ಬಿಟ್ಟಿ ಸಿಗುವ, ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆಯ ಬಗ್ಗೆ ಒಂದೇ ಮಾತು: ಅದರಲ್ಲಿ ಮಸಿಯೂ ಕಬ್ಬಿಣದ ಕಣಗಳೂ ಮೊದಲೇ ಕಲಸಿರುತ್ತವೆ. ದೂಳು ಬರುವವರೆಗೆ ಕಾಯುವ ಶ್ರಮ ಉಳಿಯುತ್ತದೆ, ಅಷ್ಟೆ.

ಹಾಗಾದರೆ ಯಾವುದು? ಮನೆಯಲ್ಲಿ ಹೊಲಿಗೆ ಮಿಷನ್ ಇದ್ದರೆ ಅದರ ಎಣ್ಣೆ ತೆಗೆದುಕೊಳ್ಳಿ. ತೆಳು, ಸಲೀಸಾಗಿ ಒಳಗಿಳಿಯುತ್ತದೆ. ಬಹಳ ದಿನ ನಿಲ್ಲುವುದಿಲ್ಲ, ಬೇಗ ಬೇಗ ಹಾಕಬೇಕು. ಸ್ಕೂಟರಿಗೆ ಹಾಕುವ ಹೊಸ ಇಂಜಿನ್ ಎಣ್ಣೆ ಅದಕ್ಕಿಂತ ಹೆಚ್ಚು ನಿಲ್ಲುತ್ತದೆ; ತುಸು ಮಂದವಾದ್ದರಿಂದ ಇಳಿಯಲು ಹೊತ್ತು ಕೊಡಬೇಕು. ದುಡ್ಡಿದ್ದವರಿಗೆ ಸೈಕಲ್ಲಿಗೆಂದೇ ಮಾಡಿದ ಚೈನ್ ಲ್ಯೂಬ್ ಉಂಟು. ಅದರಲ್ಲಿ ಒಣ ಜಾತಿ, ಹಸಿ ಜಾತಿ ಎಂದು ಎರಡು: ಒಣದ್ದು ದೂಳಿಗೆ, ಹಸಿಯದ್ದು ಮಳೆಗೆ. ಚನ್ನರಾಯಪಟ್ಟಣದವರು ಒಣದ್ದು ಕೊಂಡು ಅರಕಲಗೂಡಿನ ನೆಂಟರಿಗೆ ಹಸಿಯದ್ದು ಕೊಡಿಸಬಹುದು. ನನ್ನ ತೀರ್ಪು ಕೇಳಿದರೆ, ಈ ಮೂರರಲ್ಲಿ ಯಾವುದಾದರೂ ಆಗುತ್ತದೆ. ಯಾವ ಎಣ್ಣೆ ಎಂಬ ಜಗಳಕ್ಕೆ ಖರ್ಚಾಗುವ ಹೊತ್ತಿನಲ್ಲಿ ನಾಲ್ಕು ಚೈನು ಒರೆಸಬಹುದು.

ಎಣ್ಣೆ ಹಾಕುವವರಲ್ಲಿ ಕಷಾಯಗಳು ನಾಲ್ಕೂ ಕಾಣಸಿಗುತ್ತವೆ. ಕಳಚಿದ ಚೈನನ್ನು ಕಾಲಲ್ಲಿ ಒದ್ದು ಏರಿಸುವುದು ಕ್ರೋಧ. ಕೈ ಕರಿಯಾದೀತೆಂದು ಎರಡು ಬೆರಳ ತುದಿಯಲ್ಲಿ ಹಿಡಿದು ಯಾರಾದರೂ ಬರಲೆಂದು ರಸ್ತೆ ನೋಡುವುದು ಮಾನ. ಸವೆದ ಚೈನಿಗೆ ಎಣ್ಣೆ ಬಳಿದು ಹೊಳೆಯಿಸಿ ಸೈಕಲ್ ಮಾರುವುದು ಮಾಯೆ. ಬಾಟಲಿ ಬಗ್ಗಿಸಿ ಸುರಿಯುವುದು ಲೋಭ, ಹೊಸಬರಲ್ಲಿ ಇದೇ ಪ್ರಬಲ. ಮಸ್ತಕದಿಂದ ಪಾದದವರೆಗೆ ಇಳಿಯುವ ಅಭಿಷೇಕ ಬೆಟ್ಟದ ಮೇಲಿನ ಬಾಹುಬಲಿಗೆ ಒಪ್ಪುತ್ತದೆ, ಅದೂ 12 ವರ್ಷಕ್ಕೊಮ್ಮೆ. ಹೋದ ಸಲ ಆದದ್ದು 2018ರಲ್ಲಿ. ಚೈನಿಗೆ ಬೇಕಾದದ್ದು ಇದರ ತದ್ವಿರುದ್ಧ: ಅಡಿಗಡಿಗೆ, ಹನಿಹನಿಯಾಗಿ.

ವಿಧಿ ಹೀಗೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ. ಮೊದಲು ಒಣಬಟ್ಟೆಯಲ್ಲಿ ಚೈನಿನ ಕೆಳಗಿನ ಓಟವನ್ನು ಹಿಡಿದು ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ. ಕರಿ ಬಟ್ಟೆಗೆ ಬರಲಿ. ಬಟ್ಟೆ ಹಿಡಿದ ಕೈ ಹಲ್ಲುಚಕ್ರದ ಹತ್ತಿರ ಹೋಗಬಾರದು, ಬೆರಳು ಸಿಕ್ಕಿಕೊಂಡರೆ ಶಾಸ್ತ್ರ ಸಹಾಯಕ್ಕೆ ಬಾರದು. ಆಮೇಲೆ ಕೆಳ ಓಟದ ಒಳಮಗ್ಗುಲಲ್ಲಿ, ಒಂದೊಂದು ರೋಲರಿಗೆ ಒಂದೊಂದು ಹನಿ ಬಿಡುತ್ತ ಒಂದು ಸುತ್ತು ಬನ್ನಿ. ಚೈನಿಗೆ ನೂರಕ್ಕೂ ಮೇಲೆ ರೋಲರುಗಳಿವೆ. ಲಾಕಿನ ಕೊಂಡಿಯಿಂದ ಶುರುಮಾಡಿದರೆ ಮತ್ತೆ ಲಾಕು ಬಂದಾಗ ಸುತ್ತು ಮುಗಿಯಿತೆಂದು ಗೊತ್ತಾಗುತ್ತದೆ, ಎಣಿಸುವ ಕೆಲಸವಿಲ್ಲ. ಪೆಡಲ್ಲನ್ನು ಹಿಂದಕ್ಕೆ ಹತ್ತಾರು ಸುತ್ತು ಸುತ್ತಿ, ಸೈಕಲ್ಲನ್ನು ರಾತ್ರಿಯಿಡೀ ಬಿಡಿ. ಬೆಳಗ್ಗೆ ಎದ್ದು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಪಸೆ ತಾಗಬೇಕು, ಅಂಟಬಾರದು. ‘ಅಯ್ಯೋ, ಹಾಕಿದ ಎಣ್ಣೆಯನ್ನೇ ಒರೆಸೋದಾ?’ ಎಂದು ಎಲ್ಲರೂ ಕೇಳುತ್ತಾರೆ. ಹೌದು, ಅದನ್ನೇ ಒರೆಸಬೇಕು. ಒಳಗಿಳಿದದ್ದನ್ನು ಯಾವ ಬಟ್ಟೆಯೂ ತೆಗೆಯಲಾರದು. ಬಟ್ಟೆಗೆ ಬಂದದ್ದು ಬೇಡದ್ದೇ.

ಸೈಕಲ್ ಶಾಪಿನವರು ಇದನ್ನೇ ಚುಟುಕಾಗಿ ಹೇಳುತ್ತಾರೆ. ‘ಅಣ್ಣ, ಚೈನ್‌ಗೊಂಚೂರು ಎಣ್ಣೆ ಬುಡಣ್ಣ’ ಎಂದು ಬಂದ ಹುಡುಗನಿಗೆ ಸಿಗುವ ಉತ್ತರ: ‘ಎಣ್ಣೆ ಬುಡೋಕೆ ಜಾಗ ಎಲ್ಲೈತ್ಲಾ? ಮೊದ್ಲು ಮಣ್ ಕೆರ್ಕಂಡ್ ಬಾ, ಹೋಗು.’

ಶಬ್ದದ ಪ್ರಕರಣ

ಕೇಶಿರಾಜನ ಗ್ರಂಥಕ್ಕೂ ನಮ್ಮದಕ್ಕೂ ನಂಟು ಇಲ್ಲಿ. ಸೈಕಲ್ಲು ಆಡುವ ಶಬ್ದಗಳಲ್ಲಿ ಅರ್ಥವಿಲ್ಲದ್ದು ಒಂದೂ ಇಲ್ಲ, ಪ್ರಯೋಗ ಗೊತ್ತಿರಬೇಕು.

ಪೆಡಲ್ ನಿಲ್ಲಿಸಿದಾಗ ಹಿಂದಿನಿಂದ ಕೇಳುವ ಟಿಕಟಿಕ ಫ್ರೀವೀಲಿನ ಆರೋಗ್ಯದ ಲಕ್ಷಣ, ಗಾಬರಿ ಬೇಡ. ತುಳಿಯುವಾಗ ಕಿಚಕಿಚ ಎಂದರೆ ಚೈನಿನ ಒಳಗು ಒಣಗಿದೆ. ಕರಕರ ಎಂದರೆ ಒಳಗೆ ಮರಳು. ಈಗ ಎಣ್ಣೆ ಬಿಟ್ಟರೆ ಶಬ್ದ ಅಡಗುತ್ತದೆ, ಅರೆತ ಮುಂದುವರಿಯುತ್ತದೆ, ಆದ್ದರಿಂದ ಮೊದಲು ತೊಳೆಯಬೇಕು. ಸರಸರ ಎಂದು ಒಂದೇ ಸಮನೆ ಉಜ್ಜಿದರೆ ಚೈನು ಕವರಿಗೆ ತಾಗುತ್ತಿದೆ. ಸ್ಕೂಲಿನ ಮುಂದೆ ಸಾಲಾಗಿ ಬೀಳಿಸಿದ ಸೈಕಲ್ಲುಗಳಲ್ಲಿ ಕವರು ನೆಗ್ಗಿರುವುದೇ ಹೆಚ್ಚು, ಕೈಯಲ್ಲೇ ಎಳೆದು ನೆಟ್ಟಗೆ ಮಾಡಬಹುದು.

ತಾಳ ಹಿಡಿದು ಬರುವ ಶಬ್ದಕ್ಕೆ ಲೆಕ್ಕ ಬೇಕು, ರಾಜಾದಿತ್ಯನನ್ನು ಕರೆಯಬೇಕು. ನಮ್ಮ ಕರಿ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂಚಕ್ರ ಸುಮಾರು ಎರಡೂವರೆ ಸುತ್ತು. ಪೆಡಲ್ಲಿನ ಸುತ್ತಿಗೊಮ್ಮೆ ‘ಟಕ್’ ಎಂದರೆ ದೋಷ ಪೆಡಲ್ಲಿನಲ್ಲಿ, ಕ್ರ್ಯಾಂಕಿನಲ್ಲಿ, ಅಥವಾ ಸಡಿಲವಾದ ಕಾಟರ್ ಪಿನ್ನಿನಲ್ಲಿ. ಒಂದು ಸುತ್ತಿಗೆ ಎರಡೂವರೆ ಸಲ ಕೇಳಿದರೆ ಹಿಂಚಕ್ರದಲ್ಲಿ. ಮುರಿದ ಕಡ್ಡಿಯನ್ನೋ ಬೆಂಡಾದ ರಿಮ್ಮನ್ನೋ ಹುಡುಕಿ. ತಿರುಗಾಮುರುಗಾ, ಪೆಡಲ್ಲಿನ ಎರಡು ಚಿಲ್ಲರೆ ಸುತ್ತಿಗೊಮ್ಮೆ ಕೇಳಿದರೆ ಅದು ಚೈನಿನದೇ, ಏಕೆಂದರೆ ಚೈನು ಪೂರ್ತಿ ಒಂದು ಸುತ್ತು ಬರಲು ಅಷ್ಟು ಹೊತ್ತು ಬೇಕು. ಎಲ್ಲೋ ಒಂದು ಕೊಂಡಿ ಬಿಗಿದುಕೊಂಡಿದೆ. ಪೆಡಲ್ಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಫ್ರೀವೀಲಿನ ಬಳಿ ನೋಡಿದರೆ ಬಾಗಲೊಲ್ಲದೆ ಸೆಟೆದು ಬರುವ ಆ ಕೊಂಡಿ ಕಾಣುತ್ತದೆ. ಎಣ್ಣೆ ಹಾಕಿ ಅಡ್ಡಡ್ಡಕ್ಕೆ ಮೆಲ್ಲಗೆ ಬಗ್ಗಿಸಿದರೆ ಬಹುಪಾಲು ಬಿಟ್ಟುಕೊಳ್ಳುತ್ತದೆ.

ಬಿಗಿ–ಸಡಿಲದ ಪ್ರಕರಣ

‘ಚೈನು ಸಡಿಲವಾಗಿದೆಯೇ?’ ಎಂಬ ಪ್ರಶ್ನೆಗೆ ಅನೇಕಾಂತವಾದವೊಂದೇ ಸರಿಯಾದ ಉತ್ತರ ಕೊಡಬಲ್ಲದು. ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗೂ ಇರುವುದಿಲ್ಲ, ನಡುಮಧ್ಯಕ್ಕೂ ಕೂತಿರುವುದಿಲ್ಲ. ಶಾಂತಿನಾಥ ಬಸದಿಯ ಕಂಬ ಕಡೆದವರು ಮಾಡಿದ್ದಲ್ಲವಲ್ಲ. ಆದ್ದರಿಂದ ಪೆಡಲ್ ಒಂದು ಕಡೆ ಇದ್ದಾಗ ಚೈನು ಸಡಿಲ, ಇನ್ನೊಂದು ಕಡೆ ಬಂದಾಗ ಬಿಗಿ, ನಡುವೆ ಎಲ್ಲೋ ಹೇಳಲಾಗದ ಸ್ಥಿತಿ. ಒಂದೇ ಕಡೆ ಮುಟ್ಟಿ ನೋಡಿ ಬಿಗಿ ಮಾಡಿದವನು ಏಕಾಂತವಾದಿ. ಅರ್ಧ ಸುತ್ತು ಹೋಗುವಷ್ಟರಲ್ಲಿ ಅವನ ಚೈನು ತಂತಿಯಾಗಿ ಬಾಲ್ಸನ್ನು ತಿನ್ನುತ್ತದೆ. ಪೆಡಲ್ಲನ್ನು ನಿಧಾನವಾಗಿ ತಿರುಗಿಸಿ ಅತ್ಯಂತ ಬಿಗಿಯಾದ ಜಾಗ ಹುಡುಕಬೇಕು. ಅಲ್ಲಿ ಕೆಳ ಓಟದ ನಡುಭಾಗವನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿದರೆ ಒಟ್ಟು ಅರ್ಧ ಇಂಚು ಆಡಬೇಕು. ಕಡಿಮೆಯಿದ್ದರೆ ಸಡಿಲಿಸಿ, ಬಹಳ ಹೆಚ್ಚಿದ್ದರೆ ಹಿಂಚಕ್ರದ ಎರಡೂ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆಳೆದು, ಎಡಬಲಕ್ಕೆ ಸಮ ಅಂತರವಿದೆಯೇ ಎಂದು ನೋಡಿ ಬಿಗಿಯಿರಿ. ಗೇರ್ ಸೈಕಲ್ಲಿನವರಿಗೆ ಈ ಪ್ರಕರಣ ಬೇಡ, ಅಲ್ಲಿ ಚೈನನ್ನು ಎಳೆದು ಹಿಡಿಯಲು ಹಿಂದೆ ಸ್ಪ್ರಿಂಗಿನ ಕೈಯೊಂದಿದೆ.

ಚೈನಿನ ಲಾಕಿಗೆ ಮೀನಿನಾಕಾರದ ಕ್ಲಿಪ್ಪಿರುತ್ತದೆ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಸೀಳಿದ ತುದಿ ಹಿಂದಕ್ಕೆ ಇರಬೇಕು. ತಿರುವುಮುರುವಾಗಿ ಹಾಕಿದರೆ ಎಲ್ಲಾದರೂ ತಗುಲಿ ಬಿಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಊರಿನಿಂದ ದೂರದಲ್ಲಿ.

ಉಳಿದ ಅಂಗಗಳಿಗೆ ಬೇರೆ ಗ್ರಂಥ ಬೇಕು, ಎರಡು ಮಾತು ಮಾತ್ರ ಇಲ್ಲಿ. ಗಾಳಿ ದಿನಾ ಸ್ವಲ್ಪ ಇಳಿಯುತ್ತಿದ್ದು ಪಂಕ್ಚರ್ ಸಿಗದಿದ್ದರೆ ವಾಲ್ ಟ್ಯೂಬ್ ಬದಲಿಸಿ ನೋಡಿ, ತುಂಬ ಅಗ್ಗದ ಚಿಕಿತ್ಸೆ. ಎಡಗಡೆಯ ಪೆಡಲ್ಲಿನ ಮರೆ ಉಲ್ಟಾ. ಬಿಚ್ಚಲು ಹೊರಟು ಬಿಗಿ ಮಾಡುತ್ತ ಬೆವರುವ ಮುನ್ನ ಇದು ನೆನಪಿರಲಿ.

ಮೋಕ್ಷ ಪ್ರಕರಣ

‘ಚೈನು ಉದ್ದ ಆಗ್ಬಿಟ್ಟಿದೆ’ ಎನ್ನುತ್ತಾರೆ. ಪಟ್ಟಿಗಳು ಎಳೆದುಕೊಂಡು ಉದ್ದವಾಗುವುದಲ್ಲ. ಪಿನ್ನು ಬುಷ್ಷುಗಳು ಸವೆದು, ಕೊಂಡಿಗೊಂದಿಷ್ಟು ಸಂದಿ ಬಿಟ್ಟು, ನೂರು ಕೊಂಡಿಯ ಸಂದಿ ಕೂಡಿ ಕಾಣುವ ಉದ್ದ. ಇದನ್ನು ಅಳೆಯಲು 12 ಇಂಚಿನ ಸ್ಕೇಲು ಸಾಕು. ಜಾಮಿಟ್ರಿ ಬಾಕ್ಸಿನದು ಗಿಡ್ಡ, ಆಗದು. ಒಂದು ಪಿನ್ನಿನ ನಡುವಿಗೆ ಸೊನ್ನೆಯಿಟ್ಟರೆ ಅಲ್ಲಿಂದ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಗೇರ್ ಸೈಕಲ್ಲಿನವರು ಚೈನು ಬದಲಿಸಲಿ, ಉಳಿದವರು ಎಚ್ಚರವಾಗಿರಲಿ. ಎಂಟನೇ ಒಂದು ಭಾಗ ಮುಂದೆ ಹೋಗಿದ್ದರೆ ಯಾರದೇ ಆಗಲಿ, ಆ ಚೈನಿನ ಆಯುಷ್ಕರ್ಮ ಮುಗಿದಿದೆ, ಗುಜರಿಯವನಿಗೆ ಕೊಟ್ಟುಬಿಡಿ.

ಇದನ್ನು ಮುಂದೂಡುವುದು ಉಳಿತಾಯವಲ್ಲ. ಸವೆದ ಚೈನು ಹಲ್ಲುಗಳನ್ನೂ ಸವೆಸುತ್ತದೆ. ಹಲ್ಲುಗಳ ತುದಿ ಒಂದೇ ಕಡೆಗೆ ಬಾಗಿ ಮೊನಚಾಗಿದ್ದರೆ ಅಲ್ಲಿ ಹೊಸ ಚೈನು ಕೂರದೆ ಏರಿನಲ್ಲಿ ತುಳಿದಾಗ ಕಟಕಟ ಜಿಗಿಯುತ್ತದೆ, ಫ್ರೀವೀಲನ್ನೂ ಬದಲಿಸಬೇಕಾಗುತ್ತದೆ. ಕಾಲಕ್ಕೆ ಸರಿಯಾಗಿ ಚೈನು ಬದಲಿಸಿದವನಿಗೆ ಫ್ರೀವೀಲು ಎರಡು ಮೂರು ಚೈನುಗಳ ಕಾಲ ಬರುತ್ತದೆ.

ಕೊನೆಯದಾಗಿ ಹೊಸ ಚೈನಿನ ವಿಷಯ. ಅಂಗಡಿಯಿಂದ ಬಂದಾಗ ಅದರ ಸಂದಿಗಳೊಳಗೆ ಫ್ಯಾಕ್ಟರಿಯಲ್ಲೇ ತುಂಬಿದ ಗ್ರೀಸಿರುತ್ತದೆ. ನಾವು ಹನಿಹನಿಯಾಗಿ ಇಳಿಸಲು ಹೆಣಗುವ ಯಾವ ಎಣ್ಣೆಯೂ ಅಷ್ಟು ಒಳಗೆ ಹೋಗಲಾರದು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಪೂಜೆ ಮಾಡಿಸಿದ ದಿನವೇ ಮೇಲೆ ಎಣ್ಣೆಯನ್ನೂ ಬಿಡಬೇಡಿ. ಹೊರಗಿನ ಜಿಗುಟನ್ನು ಒಣಬಟ್ಟೆಯಲ್ಲಿ ಒರೆಸಿ ಓಡಿಸಿ. ಮೊದಲ ಕಿಚಕಿಚ ಕೇಳುವವರೆಗೆ ಬೇರೇನೂ ಬೇಕಾಗಿಲ್ಲ.